ಬಣ್ಣದ ಸೇವೆಗೆ ಮುನ್ನ

ಶಾಲೆಗೆ ಬಣ್ಣ ಹಚ್ಚಿಸಿಕೊಡುವುದು ನಮ್ಮ ದಾನಿಗಳಿಗೆ ಪ್ರಿಯವಾದ ಸೇವೆ. ವಾರ್ಷಿಕೋತ್ಸವ ಸಮೀಪಿಸಿದಂತೆ ಬಾಗಿಲು, ಕಿಟಕಿ, ಬೆಂಚುಗಳ ಹಳೆಯ ಬಣ್ಣವನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ತೆಗೆಯುವರು; ಪಕ್ಕದ ಕೊಠಡಿಯಲ್ಲಿ ಪಾಠ ನಡೆದೇ ಇರುತ್ತದೆ. ಈ ಪದ್ಧತಿ ನಿಲ್ಲಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಆ ಧೂಳಿನಲ್ಲಿ ಸೀಸವಿರಬಹುದು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ಜಾರಿಗೆ ಬಂದುದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಎಣ್ಣೆಬಣ್ಣಗಳಲ್ಲಿ, ವಿಶೇಷವಾಗಿ ಹಳದಿ ಕೆಂಪುಗಳಲ್ಲಿ, ಅದು ಹೇರಳವಾಗಿದ್ದುದುಂಟು. ಹೊಟ್ಟೆಗೆ ಹೋದ ಸೀಸವನ್ನು ಎಳೆಯ ಮಗುವಿನ ದೇಹವು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರಿಕೊಳ್ಳುತ್ತದೆ. ಮೂಳೆಗಳಲ್ಲಿ ಅದು ದಶಕಗಳ ಕಾಲ ಉಳಿಯುತ್ತದೆ. ಗ್ರಹಣಶಕ್ತಿ, ಏಕಾಗ್ರತೆಗಳು ಕುಂದುತ್ತವೆ. ಜ್ವರವಿಲ್ಲ, ಕೆಮ್ಮಿಲ್ಲ, ನಾವು ಆ ಬಾಲಕನನ್ನು ದಡ್ಡನೆಂದು ಬಗೆದು ಕೊನೆಯ ಬೆಂಚಿಗೆ ಕಳುಹಿಸುತ್ತೇವೆ!

ಆದುದರಿಂದ ಈ ಕೆಲಸ ಬೇಸಗೆಯ ರಜೆಯಲ್ಲಿಯೇ ನಡೆಯಲಿ. ನೀರಿನಿಂದ ತೋಯಿಸಿ ಉಜ್ಜಲಿ. ಧೂಳನ್ನು ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಲಿ. ಕೆಲಸಗಾರರೂ ಕೈಕಾಲು ತೊಳೆದು, ಬಟ್ಟೆ ಬದಲಿಸಿಯೇ ತಮ್ಮ ಮಕ್ಕಳನ್ನು ಎತ್ತಿಕೊಳ್ಳಲಿ. ಡಬ್ಬಿಯ ಮೇಲೆ ಸೀಸದ ಮಿತಿ ನಮೂದಾಗಿದೆಯೇ ಎಂದು ನೋಡಿ ದಾನಿಗಳು ಕೊಳ್ಳಲಿ.

ದಾಸೋಹದ ಅಡುಗೆಮನೆಯ ಮಾತೂ ಒಂದಿದೆ. ಅರಿಸಿನಕ್ಕೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಬೆರೆಸುವ ವಂಚನೆ ಭಾರತದಲ್ಲಿಯೂ ಬಾಂಗ್ಲಾದೇಶದಲ್ಲಿಯೂ ಪತ್ತೆಯಾಗಿದೆ. ಪುಡಿಯ ಮೂಟೆಗಿಂತ, ಬೆಳೆಗಾರರಿಂದಲೇ ಹೊಳಪು ಹಾಕದ ಕೊಂಬುಗಳನ್ನು ತರಿಸಿ ಬೀಸಿಸುವುದು ಮೇಲು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅರಿಸಿನ ಬೆಳೆಯುವವರು ಇದ್ದರೆ ಈ ಹೊಣೆಯನ್ನು ಅವರೇ ಹೊರಬಹುದು.