ಬಂಡವಾಳ ಬೇಡದ ವ್ಯಾಪಾರವೆಂಬ ಸುಳ್ಳು

"ಮೊಬೈಲೊಂದಿದ್ದರೆ ಸಾಕು, ಮನೆಯ ಜಗುಲಿಯೇ ಅಂಗಡಿ" ಎಂಬ ಮಾತು ಮೈಸೂರಿನ ಉದ್ಯಮಶೀಲತಾ ಶಿಬಿರಗಳಲ್ಲಿ ಸುಪ್ರಭಾತದಂತೆ ಮೊಳಗುತ್ತಿದೆ. ಗುಡ್ಡದ ಹಳ್ಳಿಗಳಿಂದ ಓದಲು ಹೋದ ನಮ್ಮ ಮಕ್ಕಳು ಅದನ್ನು ನಂಬಿ, ರಜೆಗೆ ಬಂದಾಗ ಅಪ್ಪನ ಜೇನುಪೆಟ್ಟಿಗೆಗಳನ್ನು ಹೊಸ ಕಣ್ಣಿನಿಂದ ಎಣಿಸತೊಡಗುತ್ತಾರೆ. ಅಂತರ್ಜಾಲದ ಸಂತೆಯಲ್ಲಿ ಹೆಸರು ನೋಂದಾಯಿಸಲು ಹಣ ಬೇಡವೆಂಬುದು ನಿಜ. ಜಾತ್ರೆಯ ಮೈದಾನಕ್ಕೆ ಪ್ರವೇಶ ಉಚಿತವೆಂದ ಮಾತ್ರಕ್ಕೆ ತೊಟ್ಟಿಲು ಉಚಿತವಾಗುವುದೆ?

ಮೊದಲು ತೂಕದ ಮಾತು. ಅರ್ಧ ಕಿಲೋ ಜೇನನ್ನು ಗಾಜಿನ ಶೀಶೆಯಲ್ಲಿ ತುಂಬಿ, ಒಡೆಯದಂತೆ ಸುತ್ತಿ, 25 ಸೆಂ.ಮೀ. ಉದ್ದ, 20 ಅಗಲ, 15 ಎತ್ತರದ ರಟ್ಟಿನ ಪೆಟ್ಟಿಗೆಯಲ್ಲಿಟ್ಟೆವೆನ್ನೋಣ. ತಕ್ಕಡಿಯಲ್ಲಿ ಅದು ಒಂದು ಕಿಲೋವನ್ನೂ ಮುಟ್ಟದು. ಆದರೆ ಕೊರಿಯರ್ ಸಂಸ್ಥೆಗಳು ಸಾಮಾನ್ಯವಾಗಿ ಈ ಮೂರು ಅಳತೆಗಳನ್ನು ಗುಣಿಸಿ 5000ದಿಂದ ಭಾಗಿಸುತ್ತವೆ. ಬಂದ ಉತ್ತರ ಮತ್ತು ನಿಜತೂಕ ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ ವಿಧಿಸುತ್ತವೆ. ಇಲ್ಲಿ ಉತ್ತರ ಒಂದೂವರೆ ಕಿಲೋ. ಅಂದರೆ ನಮ್ಮ ರೈತ ಪೆಟ್ಟಿಗೆಯೊಳಗಿನ ಗಾಳಿಗೂ ಸಾಗಾಟದ ವೆಚ್ಚ ತೆರುತ್ತಾನೆ. ಸರಕು ತಲುಪಿದ ಮೇಲೆ ಹಣ ಕೊಡುವ ಪದ್ಧತಿಯಲ್ಲಿ ಗ್ರಾಹಕ ಬಾಗಿಲಲ್ಲೇ ಬೇಡವೆಂದರೆ ಆ ಪೆಟ್ಟಿಗೆ ಮರಳಿ ಬರುತ್ತದೆ. ಹಲವು ವೇಳೆ ಹೋದ ದಾರಿಯ ಖರ್ಚೂ ಬಂದ ದಾರಿಯ ಖರ್ಚೂ ಮಾರಿದವನ ತಲೆಗೇ. ಶೀಶೆ ಒಡೆದಿದ್ದರೆ ಇರುವೆಗಳಿಗೆ ಹಬ್ಬ.

ಎರಡನೆಯದು ತೆರಿಗೆಯ ಕಾಗದ. 2023ರ ಅಕ್ಟೋಬರ್ 1ರವರೆಗೆ ಇಂಥ ಜಾಲತಾಣಗಳ ಮೂಲಕ ತೆರಿಗೆಗೊಳಪಟ್ಟ ಸರಕು ಮಾರುವ ಅತಿ ಸಣ್ಣ ವ್ಯಾಪಾರಿಗೂ ಜಿಎಸ್‌ಟಿ ನೋಂದಣಿ ಕಡ್ಡಾಯವಾಗಿತ್ತು. ಅನಂತರ ಸಣ್ಣವರಿಗೆ ವಿನಾಯಿತಿ ದೊರೆಯಿತು, ಆದರೆ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ನಮ್ಮ ಕಾಡಂಚಿನ ಊರಿಗೆ ಕೂಗಳತೆಯಲ್ಲಿರುವ ವಯನಾಡಿನ ಗಿರಾಕಿಗೆ ಜಾಲತಾಣದ ಮೂಲಕ ಒಂದು ಶೀಶೆ ಮಾರಿದರೂ ನೋಂದಣಿಯ ಬಲೆಗೆ ಬಿದ್ದಂತೆಯೇ. ನೋಂದಾಯಿಸಿಕೊಂಡ ಮೇಲೆ ಜೇನೇ ಇಲ್ಲದ ಮಳೆಗಾಲಕ್ಕೂ ಶೂನ್ಯ ರಿಟರ್ನ್ ಸಲ್ಲಿಸಬೇಕು. ತಡವಾದರೆ ದಿನಲೆಕ್ಕದ ದಂಡಶುಲ್ಕ. ಜಾಲತಾಣ ಮೂಲದಲ್ಲೇ ಹಿಡಿದುಕೊಳ್ಳುವ ತೆರಿಗೆಯ ಪ್ರಮಾಣ 2024ರ ಜುಲೈನಲ್ಲಿ ಶೇ. 1ರಿಂದ ಅರ್ಧಕ್ಕೆ ಇಳಿಯಿತು, ಸರಿ. ಅದನ್ನು ಹಿಂದಕ್ಕೆ ಪಡೆಯಲು ಲೆಕ್ಕಿಗರಿಗೆ ತೆರುವ ಸಂಭಾವನೆ ಇಳಿದಿಲ್ಲ.

ನನ್ನ ವೃತ್ತಿಗೆ ಸಂಬಂಧಿಸಿದ ಸಂಗತಿಯೊಂದನ್ನು ಇಲ್ಲಿ ಹೇಳಲೇಬೇಕು. ಮಲೆನಾಡಿನ ತುಡುವೆ ಜೇನಿನಲ್ಲಿ ತೇವಾಂಶ ಶೇ. 20ನ್ನು ಮೀರುವುದು ಸಾಮಾನ್ಯ; ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ ಶೇ. 20. ಇಂಥ ಜೇನು ಸೆಖೆಯ ಗೋದಾಮಿನಲ್ಲಿ ವಾರಗಟ್ಟಲೆ ಕುಳಿತರೆ ಹುಳಿಯುತ್ತದೆ, ಮುಚ್ಚಳ ಉಬ್ಬುತ್ತದೆ. ಗ್ರಾಹಕ ಅದನ್ನು ಕಲಬೆರಕೆಯೆಂದು ದೂರುತ್ತಾನೆ. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರಾಂಡುಗಳ ಜೇನನ್ನು ಪರೀಕ್ಷೆಗೆ ಒಡ್ಡಿದಾಗ ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾದವು 3 ಮಾತ್ರ. ಆದರೂ ಅಂತರ್ಜಾಲದ ಸಂತೆಯಲ್ಲಿ ಸಂಶಯಕ್ಕೆ ಗುರಿಯಾಗುವುದು ಹೆಸರಿಲ್ಲದ ನಮ್ಮ ಶೀಶೆ! ಮೈಸೂರಿನಲ್ಲೇ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವಿದೆ, ಪರೀಕ್ಷೆ ಮಾಡಿಸಬಹುದು. ಆದರೆ ಹತ್ತು ಕಿಲೋ ಜೇನಿನ ಮೇಲೆ ಪರೀಕ್ಷೆಯ ಶುಲ್ಕವನ್ನು ಹೇರಿದರೆ ಉಳಿಯುವುದೇನು?

"ಕಮಿಷನ್ ಇಲ್ಲ" ಎಂಬ ಘೋಷಣೆಯನ್ನು ಕೆಲವರು ತೋರಿಸುತ್ತಾರೆ. ದಲಾಲಿ ಬಿಟ್ಟ ಕಡೆ ಸಾಗಾಟ, ದಾಸ್ತಾನು, ಜಾಹೀರಾತುಗಳ ಹೆಸರಿನಲ್ಲಿ ವಸೂಲಿ ನಡೆದೇ ಇರುತ್ತದೆ. ಜಾಹೀರಾತಿಗೆ ಹಣ ಕಟ್ಟದವನ ಸರಕು ಐದನೆಯ ಪುಟದಲ್ಲಿ ಧೂಳು ತಿನ್ನುತ್ತದೆ. 2020ರ ಜನವರಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್‌ಗಳ ಮೇಲೆ ತನಿಖೆಗೆ ಆದೇಶಿಸಿದ್ದು ಆಯ್ದ ಕೆಲವೇ ಮಾರಾಟಗಾರರಿಗೆ ಆದ್ಯತೆ ಕೊಡಲಾಗುತ್ತಿದೆಯೆಂಬ ದೂರಿನ ಮೇಲೆಯೇ. ಅದನ್ನು ತಡೆಯಲು ಕಂಪನಿಗಳು ಸಲ್ಲಿಸಿದ್ದ ಅರ್ಜಿಗಳನ್ನು 2021ರ ಜೂನ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ವಜಾ ಮಾಡಿತು. ಕಂಪನಿಗಳು ಆರೋಪವನ್ನು ಅಲ್ಲಗಳೆದಿವೆ.

ಇದೆಲ್ಲ ಕಿಸೆಯ ಲೆಕ್ಕವಾಯಿತು. ಯಾವ ಶಿಬಿರದ ಕರಿಹಲಗೆಯ ಮೇಲೂ ಬರೆಯದ ಲೆಕ್ಕ ಬೇರೆಯಿದೆ. 2016ರಲ್ಲಿ ದೇಶದ ಅತಿ ಸ್ವಚ್ಛ ನಗರವೆಂದು ಹೆಸರಾದ ಮೈಸೂರಿನ ಕಸ ದಶಕಗಳಿಂದ ಗುಡ್ಡೆಯಾದದ್ದು ವಿದ್ಯಾರಣ್ಯಪುರಂನ ಸೀವೇಜ್ ಫಾರ್ಮಿನಲ್ಲಿ. ಒಂದು ಶೀಶೆಯ ಸುತ್ತ ಬರುವ ಗುಳ್ಳೆ ಪ್ಲಾಸ್ಟಿಕ್, ಅಂಟುಪಟ್ಟಿ, ಹೊರಚೀಲಗಳ ವಿಲೇವಾರಿಯ ಖರ್ಚು ಮಾರಿದವನ ಪುಸ್ತಕದಲ್ಲೂ ಇಲ್ಲ, ಕೊಂಡವನ ರಸೀತಿಯಲ್ಲೂ ಇಲ್ಲ.

ಕಾಡಿನ ಲೆಕ್ಕ ಇನ್ನೂ ಕಹಿ. 1990ರ ದಶಕದಲ್ಲಿ ಬೊಜ್ಜು ಕರಗಿಸುವ ಮದ್ದೆಂದು ಉಪ್ಪಾಗೆ ಸಿಪ್ಪೆಗೆ ಹೊರದೇಶಗಳಿಂದ ಬೇಡಿಕೆ ಉಕ್ಕಿದಾಗ ಉತ್ತರ ಕನ್ನಡದ ಕಾಡುಗಳಲ್ಲಿ ಏನಾಯಿತೆಂಬುದು ಹಿರಿಯರಿಗೆ ನೆನಪಿದೆ. ಹಣ್ಣಾಗುವ ಮುನ್ನವೇ ಕಾಯಿ ಕಿತ್ತರು, ಕೊಂಬೆ ಕಡಿದರು, ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ರಾಶಿ ರಾಶಿ ಸೌದೆ ಉರಿಸಿದರು. 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಪ್ರಯೋಗ ಅದರಿಂದ ತೂಕ ಇಳಿಯುವುದಿಲ್ಲವೆಂದಿತು. ಬೆಲೆ ಕುಸಿಯಿತು, ಕಡಿದ ಕೊಂಬೆ ಮರಳಿ ಬರಲಿಲ್ಲ. ಆಗ ಬೇಡಿಕೆ ನಮ್ಮೂರು ಮುಟ್ಟಲು ಹಲವು ದಲಾಲರ ಕೈ ದಾಟಬೇಕಿತ್ತು, ಈಗ ಬೆರಳ ತುದಿ ಸಾಕು.

ಹಾಗೆಂದು ಎಲ್ಲವನ್ನೂ ತಿರಸ್ಕರಿಸಬೇಕೆಂದು ನಾನು ಹೇಳುತ್ತಿಲ್ಲ. ಏಲಕ್ಕಿ, ಕಾಳುಮೆಣಸು, ಕಾಫಿಪುಡಿಯಂಥ ಹಗುರ, ಒಣ, ಬೆಲೆಯುಳ್ಳ ಸರಕಿಗೆ ದೂರದ ಗಿರಾಕಿ ದೊರೆತರೆ ಲಾಭವಿರಬಹುದು. ಆದರೆ ಒಂಟಿಯಾಗಿ ಅಲ್ಲ. 1923ರಲ್ಲಿ ಶಿರಸಿಯ ಅಡಿಕೆ ಬೆಳೆಗಾರರು ತೋಟಗಾರರ ಸೊಸೈಟಿ ಕಟ್ಟಿದರು, ಸ್ವಾತಂತ್ರ್ಯಕ್ಕೂ ಮುನ್ನವೇ ಕೊಡಗಿನ ಜೇನು ಕೃಷಿಕರು ವಿರಾಜಪೇಟೆಯಲ್ಲಿ ಸಹಕಾರ ಸಂಘ ಮಾಡಿಕೊಂಡರು, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ನೋಂದಣಿ, ಪರೀಕ್ಷೆ, ಲೆಕ್ಕಿಗ ಇವೆಲ್ಲ ನೂರು ಮನೆಗೆ ಒಂದೊಂದೇ ಸಾಕಲ್ಲವೆ?

ಜೇನನ್ನು ಮಾತ್ರ ಮೈಸೂರಿನ ಬಸ್ಸಿಗೇ ಹತ್ತಿಸೋಣ. ಕ್ಯಾನಿನಲ್ಲಿ ಒಯ್ದು, ಗಿರಾಕಿ ತಂದ ಶೀಶೆಗೆ ಅಳೆದು ಕೊಟ್ಟು, ಖಾಲಿ ಕ್ಯಾನು ಹಿಡಿದು ಸಂಜೆಯ ಬಸ್ಸಿಗೆ ಮರಳಬಹುದು. ಮುಂದಿನ ಸಭೆಗೆ ಬರುವ ವಿದ್ಯಾರ್ಥಿಗಳು ಶಿಬಿರದಲ್ಲಿ ಕೊಟ್ಟ ಲಾಭದ ಪಟ್ಟಿಯನ್ನು ತಪ್ಪದೆ ತನ್ನಿ. ಅದರಲ್ಲಿ ಬಿಟ್ಟುಹೋದ ಸಾಲುಗಳನ್ನು ಒಟ್ಟಿಗೆ ಕುಳಿತು ತುಂಬೋಣ.