ಕಾಡಿನ ರೋಗಕ್ಕೆ ಕಪಾಟಿನ ಸಾಕ್ಷಿ

ಮಲೆನಾಡಿಗರಿಗೆ ಉಣುಗು ಹೊಸದಲ್ಲ. ದನದ ಕಿವಿಯಲ್ಲಿ, ನಾಯಿಯ ಕುತ್ತಿಗೆಯಲ್ಲಿ, ದರಗು ಗುಡಿಸಿ ಬಂದವರ ಕಾಲಲ್ಲಿ ಅದನ್ನು ಕಂಡು ಕಿತ್ತೆಸೆಯುವುದು ನಮ್ಮ ನಿತ್ಯದ ಕೆಲಸಗಳಲ್ಲಿ ಒಂದು. ಮಂಗನ ಕಾಯಿಲೆಯನ್ನು ಮನುಷ್ಯರಿಗೆ ದಾಟಿಸುವುದೂ ಇದೇ ಜಾತಿಯ ಜೀವಿಯೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಆ ಉಣುಗನ್ನು ಹಿಡಿದು, ಸಿಕ್ಕಿದ ಊರು, ತಾರೀಖು, ಹಿಡಿದವರ ಹೆಸರು ಬರೆದು, ಬಾಟಲಿಯಲ್ಲಿಟ್ಟು ತಲೆಮಾರುಗಳ ಕಾಲ ಕಾಯುವುದೂ ಸಾರ್ವಜನಿಕ ಆರೋಗ್ಯದ ಕೆಲಸವೇ ಎಂದರೆ ಹಲವರು ಹುಬ್ಬೇರಿಸಬಹುದು. ಸತ್ತ ಜೀವಿಗಳ ಸಂಗ್ರಹವೆಂದರೆ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಮೂಲೆಯಲ್ಲಿ ಧೂಳು ತಿನ್ನುತ್ತ ನಿಂತ ಕಪಾಟು ಎಂಬ ಭಾವನೆಯೇ ನಮ್ಮಲ್ಲಿ ಬೇರೂರಿದೆ. ಈ ಭಾವನೆ ತಪ್ಪು. ಅದರ ಬೆಲೆಯನ್ನು ಕಾಡಂಚಿನ ಜನ ತಮ್ಮ ಜೀವದಿಂದ ತೆರಬೇಕಾಗಬಹುದು ಎಂಬುದೇ ಈ ಲೇಖನದ ವಾದ.

ಲೈಮ್ ಊರು ಹೇಳುವ ಪಾಠ

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಲೈಮ್ ಎಂಬ ಊರಿದೆ. 1975ರ ಸುಮಾರಿಗೆ ಅಲ್ಲಿನ ತಾಯಂದಿರು ಒಂದು ವಿಚಿತ್ರವನ್ನು ಗಮನಿಸಿದರು. ಚಿಕ್ಕ ಮಕ್ಕಳಿಗೆ ಕೀಲುಗಳು ಊದಿಕೊಂಡು ಸಂಧಿವಾತ ಬರುತ್ತಿತ್ತು. ಅದೂ ಒಂದೇ ಬೀದಿಯ ಹಲವು ಮನೆಗಳಲ್ಲಿ. ಅವರ ಒತ್ತಾಯದಿಂದ ಯೇಲ್ ವಿಶ್ವವಿದ್ಯಾಲಯದ ವೈದ್ಯರು ಅಧ್ಯಯನ ಆರಂಭಿಸಿದರು. ಇದು ಉಣುಗು ಕಚ್ಚಿ ಬರುವ ರೋಗವೆಂಬುದು ಸ್ಪಷ್ಟವಾಯಿತು. ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ಉಣುಗಿನ ಹೊಟ್ಟೆಯಲ್ಲಿ ಕಂಡ ಬ್ಯಾಕ್ಟೀರಿಯಾದ ವಿವರ 1982ರಲ್ಲಿ ಪ್ರಕಟವಾಯಿತು.

ಆಗ ಎದ್ದ ಪ್ರಶ್ನೆ ಇದು: ಈ ರೋಗ ಹೊಸದೋ, ಹಳೆಯದೋ? ಎಲ್ಲಿಂದಲೋ ಬಂದದ್ದೋ, ಅಲ್ಲೇ ಇದ್ದದ್ದೋ? ಉತ್ತರ ಸಿಕ್ಕಿದ್ದು ಆಸ್ಪತ್ರೆಯಲ್ಲಿ ಅಲ್ಲ, ಜೀವಿಗಳ ಸಂಗ್ರಹಾಲಯದಲ್ಲಿ. 1940ರ ದಶಕದಲ್ಲಿ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿ ಯಾರೋ ಹಿಡಿದಿಟ್ಟಿದ್ದ ಉಣುಗುಗಳನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ವಿಭಾಗದ ಕೀಟತಜ್ಞರೂ ವೈದ್ಯಕೀಯ ಸಂಶೋಧಕರೂ ಕೂಡಿ ಪರೀಕ್ಷಿಸಿದರು. ಕೆಲವುಗಳಲ್ಲಿ ಆ ಬ್ಯಾಕ್ಟೀರಿಯಾದ ಡಿಎನ್‌ಎ ಸಿಕ್ಕಿತು. ಇದು ಪ್ರಕಟವಾದದ್ದು 1990ರಲ್ಲಿ. ನಾಲ್ಕು ವರ್ಷಗಳ ನಂತರ, 1894ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಹಿಡಿದು ಒಣಗಿಸಿಟ್ಟಿದ್ದ ಬಿಳಿಗಾಲಿನ ಇಲಿಗಳ ಚರ್ಮದಲ್ಲೂ ಅದೇ ಕುರುಹು ದೊರೆಯಿತು. ರೋಗಕ್ಕೆ ಹೆಸರಿಡುವ ಎಂಟು ದಶಕಗಳ ಮೊದಲೇ ರೋಗಾಣು ಆ ಕಾಡಿನಲ್ಲಿತ್ತು. ಬದಲಾದದ್ದು ಕಾಡು, ಜಿಂಕೆ, ಇಲಿ ಮತ್ತು ಮನುಷ್ಯರ ನಡುವಿನ ಸಂಬಂಧ.

1894ರಲ್ಲಿ ಆ ಇಲಿಯನ್ನು ಹಿಡಿದವರಿಗೆ ಡಿಎನ್‌ಎ ಎಂಬ ಪದವೇ ಗೊತ್ತಿರಲಿಲ್ಲ. ಅವರು ಮಾಡಿದ್ದು ಇಷ್ಟೇ: ಚೀಟಿಯಲ್ಲಿ ಊರು, ದಿನಾಂಕ ಬರೆದರು, ಮುಂದಿನವರಿಗಾಗಿ ಇಟ್ಟರು. ಒಂದು ಸಂಸ್ಥೆ ನೂರು ವರ್ಷ ಅದನ್ನು ಎಸೆಯದೆ ಕಾಯಿತು.

ಹಿರಿಯರ ನೆನಪು, ಹೆಪ್ಪುಗಟ್ಟಿಸಿದ ಸಾಕ್ಷಿ

ಎರಡನೆಯ ಉದಾಹರಣೆ ಅದೇ ದೇಶದ ನೈಋತ್ಯ ಭಾಗದ್ದು. 1993ರ ಮೇ ತಿಂಗಳಲ್ಲಿ ನ್ಯೂ ಮೆಕ್ಸಿಕೊ, ಅರಿಜೋನಾ ಸೀಮೆಯಲ್ಲಿ ಆರೋಗ್ಯವಂತ ಯುವಕ ಯುವತಿಯರು ಉಸಿರು ಕಟ್ಟಿ ಸಾಯತೊಡಗಿದರು. ಸತ್ತವರಲ್ಲಿ ನವಾಹೋ ಬುಡಕಟ್ಟಿನವರು ಹಲವರಿದ್ದ ಕಾರಣ ರೋಗಕ್ಕೆ ಅವರ ಹೆಸರನ್ನೇ ಅಂಟಿಸಿ ಇಡೀ ಸಮುದಾಯವನ್ನು ದೂರವಿಡುವ ಕೆಲಸವೂ ನಡೆಯಿತು. ಇದು ಇಲಿಗಳಿಂದ ಬರುವ ಹಂಟಾ ವೈರಾಣುವಿನ ಒಂದು ಬಗೆ ಎಂಬುದು ಕೆಲವೇ ವಾರಗಳಲ್ಲಿ ಪತ್ತೆಯಾಯಿತು. ಆದರೂ ಇದು ಪ್ರಯೋಗಾಲಯದಿಂದ ತಪ್ಪಿಸಿಕೊಂಡದ್ದೇ, ಹೊಸದಾಗಿ ಹುಟ್ಟಿದ್ದೇ ಎಂಬ ಗುಮಾನಿ ಉಳಿದಿತ್ತು.

ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಜೀವಶಾಸ್ತ್ರ ಸಂಗ್ರಹಾಲಯದಲ್ಲಿ ಹಿಂದಿನ ವರ್ಷಗಳಲ್ಲಿ ಹಿಡಿದ ಕಾಡಿಲಿಗಳ ಅಂಗಾಂಶಗಳನ್ನು ಹೆಪ್ಪುಗಟ್ಟಿಸಿ ಇಡಲಾಗಿತ್ತು. ಅವುಗಳನ್ನು ಪರೀಕ್ಷಿಸಿದಾಗ 1993ಕ್ಕೂ ಹಿಂದೆಯೇ ಆ ವೈರಾಣು ಅಲ್ಲಿನ ಇಲಿಗಳಲ್ಲಿ ಇತ್ತೆಂಬುದು ಖಚಿತವಾಯಿತು. ಎಲ್ ನಿನ್ಯೋ ಪ್ರಭಾವದಿಂದ ಮಳೆ ಹೆಚ್ಚಾಗಿ, ಪೈನ್ ಬೀಜ ಮೊದಲಾದ ಮೇವು ಸಮೃದ್ಧವಾಗಿ, ಇಲಿಗಳ ಸಂಖ್ಯೆ ಉಕ್ಕಿದ್ದೇ ಅನಾಹುತಕ್ಕೆ ಕಾರಣವೆಂದು ಅದೇ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನಿಗಳು ತೋರಿಸಿಕೊಟ್ಟರು. ಗಮನಿಸಬೇಕಾದ ಸಂಗತಿಯೆಂದರೆ, ನವಾಹೋ ಹಿರಿಯರೂ ಇದನ್ನೇ ಹೇಳಿದ್ದರು. ಪೈನ್ ಬೀಜ ಹೆಚ್ಚಾದ ವರ್ಷ ಇಲಿ ಹೆಚ್ಚು, ಇಲಿ ಹೆಚ್ಚಾದ ವರ್ಷ ಕೇಡು ಎಂಬುದು ಅವರ ನೆನಪಿನಲ್ಲಿತ್ತು. ಜನರ ಅರಿವು ಮತ್ತು ಸಂಗ್ರಹಾಲಯದ ಮಾದರಿ ಒಂದನ್ನೊಂದು ಸಮರ್ಥಿಸಿದವು. ಸಮುದಾಯದ ಮೇಲೆ ಹೊರಿಸಿದ್ದ ಕಳಂಕವೂ ನಿರಾಧಾರವೆಂದು ಸಾಬೀತಾಯಿತು.

ನಮ್ಮ ಕಾಡು, ನಮ್ಮ ಪ್ರಶ್ನೆ

ಈಗ ನಮ್ಮ ನೆಲಕ್ಕೆ ಬರೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಜೊತೆಗೆ ಸುತ್ತಲಿನ ಹಳ್ಳಿಗಳಲ್ಲಿ ಜನರೂ ಜ್ವರದಿಂದ ಮಲಗಿದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಾಣುವನ್ನು ಗುರುತಿಸಿದರು. ಹಿಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು ಅದರ ಮುಖ್ಯ ವಾಹಕವೆಂದು ತಿಳಿಯಿತು. ರಷ್ಯಾದ ಕಾಡುಗಳಲ್ಲಿನ ಒಂದು ವೈರಾಣುವಿಗೆ ಇದು ಹತ್ತಿರದ ಸಂಬಂಧಿಯಾದ್ದರಿಂದ ವಲಸೆ ಹಕ್ಕಿಗಳು ತಂದಿರಬಹುದೇ ಎಂಬ ಸಂಶಯ ಮೂಡಿತು. ಡಾ. ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಬೃಹತ್ ಅಧ್ಯಯನ ಕೈಗೊಂಡದ್ದರ ಹಿಂದೆ ಈ ಸಂಶಯವೂ ಇತ್ತು. ವೈದ್ಯವಿಜ್ಞಾನ ಮತ್ತು ನಿಸರ್ಗ ವಿಜ್ಞಾನ ನಮ್ಮ ಮಲೆನಾಡಿನ ಕಾರಣದಿಂದಲೇ ಕೈ ಜೋಡಿಸಿದ್ದವು. 1964ರಲ್ಲಿ ವಿಜ್ಞಾನಿಗಳಾದ ಟ್ರಪಿಡೊ ಮತ್ತು ಹೂಗ್‌ಸ್ಟ್ರಾಲ್ ಇಲ್ಲಿನ ಒಂದು ಉಣುಗಿಗೆ ‘ಶಿಮೊಗ’ ಎಂದೇ ಹೆಸರಿಟ್ಟರು. ಜಿಲ್ಲೆಯ ಹೆಸರು ಹೊತ್ತ ಆ ಉಣುಗಿನ ಸರಿಯಾಗಿ ಗುರುತಿಸಿದ ಒಂದು ಮಾದರಿಯನ್ನು ಜಿಲ್ಲೆಯ ಎಷ್ಟು ಮಂದಿ ವಿದ್ಯಾರ್ಥಿಗಳು ಕಣ್ಣಾರೆ ಕಂಡಿದ್ದಾರೆ?

ಪ್ರಶ್ನೆ ಭಾವಾವೇಶದ್ದಲ್ಲ, ಪ್ರಾಣದ್ದು. 1982–83ರಲ್ಲಿ ಬೆಳ್ತಂಗಡಿಯ ನಿಡ್ಲೆ ಭಾಗದಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದಾಗ ರೋಗ ಸ್ಫೋಟಿಸಿ ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಸಾವುಗಳಾದವು. ಹಲವು ದಶಕ ಕರ್ನಾಟಕದ ಕೆಲವು ಜಿಲ್ಲೆಗಳಿಗೆ ಸೀಮಿತವಾಗಿದ್ದ ರೋಗ 2012ರ ನಂತರ ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಸಿಂಧುದುರ್ಗಗಳಲ್ಲಿ ಕಾಣಿಸಿಕೊಂಡಿತು. ಹಲವು ವರ್ಷ ನೀಡಿದ ಲಸಿಕೆ ಸಾಕಷ್ಟು ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಲ್ಲಿಸಲಾಯಿತು.

ಈ ಹೊಸ ಊರುಗಳಿಗೆ ವೈರಾಣು ಈಚೆಗೆ ಹೋಯಿತೇ, ಅಥವಾ ಅಲ್ಲಿ ಮೊದಲೇ ಇದ್ದು ಕಾಡಿನ ಬದಲಾವಣೆಯಿಂದ ಈಗ ಹೊರಬಿತ್ತೇ? ಲೈಮ್ ಊರಿನವರು ಕೇಳಿದ್ದೂ ಇದನ್ನೇ. ಈಚೆಗೆ ಹೋಗಿದ್ದರೆ ದನಕರು, ಮಂಗ, ಇಲಿಗಳ ಓಡಾಟದ ಮೇಲೆ ಕಣ್ಣಿಡಬೇಕು. ಮೊದಲೇ ಇದ್ದಿದ್ದರೆ ಇಡೀ ಪಶ್ಚಿಮಘಟ್ಟದ ಕಾಡಂಚಿನ ಹಳ್ಳಿಗಳನ್ನೆಲ್ಲ ಎಚ್ಚರಿಸಬೇಕು, ಕಾಡನ್ನು ತುಂಡರಿಸುವ ಪ್ರತಿ ಯೋಜನೆಯನ್ನೂ ಆರೋಗ್ಯದ ದೃಷ್ಟಿಯಿಂದ ಪ್ರಶ್ನಿಸಬೇಕು. ಉತ್ತರಕ್ಕೆ ತಕ್ಕಂತೆ ಕ್ರಮವೂ ಬೇರೆ. ಆ ಉತ್ತರ ಅಡಗಿರುವುದು ಹಳೆಯ ಉಣುಗು, ಹಳೆಯ ಇಲಿ, ಹಳೆಯ ಮಂಗಗಳ ಮಾದರಿಗಳಲ್ಲಿ. ಈಗ ಸತ್ತ ಮಂಗದ ಮಾದರಿ ಪರೀಕ್ಷೆಗೆ ಹೋಗುತ್ತದೆ, ಶವವನ್ನು ಸುಡಲಾಗುತ್ತದೆ. ಸುಡುವುದು ಸರಿಯೇ. ಆದರೆ ‘ಇದೆ’ ಅಥವಾ ‘ಇಲ್ಲ’ ಎಂಬ ವರದಿಯೊಂದಿಗೆ ಆ ಮಾದರಿಯ ಕಥೆ ಮುಗಿಯಬಾರದು.

ಆಕ್ಷೇಪಗಳಿಗೆ ಉತ್ತರ

ನಮ್ಮ ಬಳಗದಲ್ಲೇ ಕೆಲವರು ಕೇಳಬಹುದು: ಪ್ರಾಣಿಗಳನ್ನು ಕೊಂದು ಬಾಟಲಿಗೆ ತುಂಬುವುದು ಪರಿಸರವಾದವೇ? ಕೊಲ್ಲಬೇಕೆಂದು ಯಾರೂ ಹೇಳುತ್ತಿಲ್ಲ. ಕಾಡಿನ ನೆಲದ ಮೇಲೆ ಬಿಳಿ ಬಟ್ಟೆ ಎಳೆದರೆ ಉಣುಗುಗಳು ಅಂಟಿಕೊಳ್ಳುತ್ತವೆ. ರಸ್ತೆಯಲ್ಲಿ ವಾಹನಕ್ಕೆ ಸಿಕ್ಕು ಸತ್ತ ಜೀವಿಗಳಿವೆ, ಪರೀಕ್ಷೆಗೆಂದು ತೆಗೆದ ಅಂಗಾಂಶಗಳಿವೆ. ಎಲ್ಲಕ್ಕಿಂತ ಮಿಗಿಲಾಗಿ ಕಾಲೇಜುಗಳಲ್ಲಿ ಈಗಾಗಲೇ ಇರುವ ಹಳೆಯ ಬಾಟಲಿಗಳಿವೆ. ಫಾರ್ಮಲಿನ್‌ನಲ್ಲಿಟ್ಟದ್ದು ನಿರುಪಯೋಗಿ ಎಂದು ಅವನ್ನು ಚೆಲ್ಲುವವರು ಒಂದು ಸಂಗತಿ ತಿಳಿಯಬೇಕು. 1912ರಲ್ಲಿ ಬರ್ಲಿನ್‌ನಲ್ಲಿ ದಡಾರದಿಂದ ಸತ್ತ ಎರಡು ವರ್ಷದ ಮಗುವಿನ ಶ್ವಾಸಕೋಶವನ್ನು ಅಲ್ಲಿನ ವೈದ್ಯಕೀಯ ವಿಶ್ವವಿದ್ಯಾಲಯ ಷಾರಿಟೆಯ ಸಂಗ್ರಹಾಲಯವು ಫಾರ್ಮಲಿನ್‌ನಲ್ಲೇ ಕಾಯ್ದಿಟ್ಟಿತ್ತು. ಅದರಿಂದ ವೈರಾಣುವಿನ ಅನುವಂಶಿಕ ಬರಹವನ್ನು ಓದಿದ ವಿಜ್ಞಾನಿಗಳು, ದನಗಳ ದೊಡ್ಡರೋಗದ ವೈರಾಣುವಿನಿಂದ ದಡಾರವು ಎರಡೂವರೆ ಸಾವಿರ ವರ್ಷಗಳಷ್ಟು ಹಿಂದೆಯೇ ಕವಲೊಡೆದಿರಬಹುದೆಂದು 2020ರಲ್ಲಿ ಅಂದಾಜಿಸಿದರು.

ಎರಡನೆಯ ಆಕ್ಷೇಪ ಇನ್ನೂ ಗಂಭೀರ: ನಮ್ಮ ಕಾಡಿನ ಮಾದರಿ ಯಾರ ಪಾಲಾಗುತ್ತದೆ? ಈ ಅನುಮಾನಕ್ಕೆ ಆಧಾರವಿದೆ. ವಲಸೆ ಹಕ್ಕಿಗಳ ಅಧ್ಯಯನಕ್ಕೆ ಅಮೆರಿಕದ ಸೇನೆಯ ಹಣ ಬಂದದ್ದು 1970ರ ದಶಕದಲ್ಲಿ ವಿವಾದವಾಗಿ ಸಂಸತ್ತಿನವರೆಗೂ ಹೋಗಿತ್ತು. ಆದರೆ ಇದಕ್ಕೆ ಪರಿಹಾರ ಸಂಗ್ರಹವನ್ನೇ ಬೇಡವೆನ್ನುವುದಲ್ಲ, ಅದು ಸಾರ್ವಜನಿಕ ಸಂಸ್ಥೆಯಲ್ಲಿ, ಜನರ ಕಣ್ಣಿಗೆ ಕಾಣುವಂತೆ, ಇಲ್ಲೇ ಇರಬೇಕೆಂದು ಪಟ್ಟು ಹಿಡಿಯುವುದು. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಮಾನ್ಯತೆ ಪಡೆದ ಸಂಗ್ರಹಾಗಾರಗಳಿಗೆ ಅವಕಾಶವಿದೆ. ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿಗೂ ಅವಕಾಶವಿದೆ. ಕಾಗದದ ಮೇಲಿರುವ ಈ ಸಮಿತಿಗಳಿಗೆ ಜೀವ ತುಂಬಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೆ?

ಮೂರನೆಯದು ಹಣದ ಮಾತು. ಶ್ರೀಮಂತ ವಿಶ್ವವಿದ್ಯಾಲಯಗಳೂ ಇದನ್ನೇ ಆಡುತ್ತಿವೆ. 1921ರಲ್ಲಿ ಆರಂಭವಾದ, ಎಂಟು ಲಕ್ಷಕ್ಕೂ ಮಿಕ್ಕಿ ಸಸ್ಯ ಮಾದರಿಗಳಿದ್ದ ತನ್ನ ಸಸ್ಯ ಸಂಗ್ರಹಾಲಯವನ್ನು ಮುಚ್ಚುವುದಾಗಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ 2024ರಲ್ಲಿ ಘೋಷಿಸಿತು. 2018ರ ಸೆಪ್ಟೆಂಬರ್ 2ರಂದು ರಿಯೊ ಡಿ ಜನೈರೊ ವಿಶ್ವವಿದ್ಯಾಲಯಕ್ಕೆ ಸೇರಿದ ಬ್ರೆಜಿಲ್ ರಾಷ್ಟ್ರೀಯ ವಸ್ತುಸಂಗ್ರಹಾಲಯ ಹೊತ್ತಿ ಉರಿಯಿತು. ಅದಕ್ಕೆ ಮೊದಲು ನಿರ್ವಹಣೆಯ ಹಣಕ್ಕಾಗಿ ವರ್ಷಗಟ್ಟಲೆ ಪರದಾಡಿತ್ತು. ದೆಹಲಿಯ ರಾಷ್ಟ್ರೀಯ ನಿಸರ್ಗ ಚರಿತ್ರೆ ವಸ್ತುಸಂಗ್ರಹಾಲಯ 2016ರ ಏಪ್ರಿಲ್‌ನಲ್ಲಿ ಬೂದಿಯಾಯಿತು. ಕಟ್ಟಡವನ್ನು ಮತ್ತೆ ಕಟ್ಟಬಹುದು, 1894ರ ಇಲಿಯನ್ನು ಮತ್ತೆ ಹಿಡಿಯಲಾಗದು.

ಆಗಬೇಕಾದುದೇನು?

ಮೊದಲನೆಯದಾಗಿ, ಮಲೆನಾಡಿನ ವಿಶ್ವವಿದ್ಯಾಲಯ, ವೈದ್ಯಕೀಯ ಕಾಲೇಜು, ಪಶುವೈದ್ಯ ಮತ್ತು ಅರಣ್ಯ ಕಾಲೇಜುಗಳು ಕೂಡಿ ಒಂದು ಪ್ರಾದೇಶಿಕ ಜೀವಿ ಸಂಗ್ರಹವನ್ನು ಕಟ್ಟಬೇಕು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಶಿವಮೊಗ್ಗದ ವೈದ್ಯಕೀಯ ಮತ್ತು ಪಶುವೈದ್ಯಕೀಯ ಕಾಲೇಜುಗಳು, ಶಿರಸಿಯ ಅರಣ್ಯ ಕಾಲೇಜು ಒಂದು ದಿನದ ಪ್ರಯಾಣದೊಳಗೇ ಇವೆ. ಜೀವಂತ ವೈರಾಣುವನ್ನು ಇಡುವುದು ಅತಿಭದ್ರತೆಯ ಪ್ರಯೋಗಾಲಯಗಳ ಕೆಲಸ. ಅದನ್ನು ಯಾರೂ ಕಾಲೇಜಿನಲ್ಲಿ ಕೇಳುತ್ತಿಲ್ಲ. ಮದ್ಯಸಾರದಲ್ಲಿಟ್ಟ ಉಣುಗು, ನಿರಪಾಯಗೊಳಿಸಿದ ಅಂಗಾಂಶ, ಒಣಗಿಸಿದ ಗಿಡ, ಇವುಗಳನ್ನು ಇಡಲು ಬೇಕಾದುದು ಶೀತಯಂತ್ರ, ಕಪಾಟು, ದಾಖಲೆ ಪುಸ್ತಕ ಮತ್ತು ಸಂಬಳ ಪಡೆಯುವ ಒಬ್ಬ ಸಂಗ್ರಹಪಾಲಕ.

ಎರಡನೆಯದಾಗಿ, ಮಂಗನ ಕಾಯಿಲೆಗಾಗಿ ತೆಗೆಯುವ ಪ್ರತಿ ಮಾದರಿಗೂ ಊರು, ಕಾಡಿನ ಹೆಸರು, ದಿನಾಂಕ ಸಹಿತ ಶಾಶ್ವತ ದಾಖಲೆ ಇರಬೇಕು. ಆ ಪಟ್ಟಿ ಕನ್ನಡದಲ್ಲಿ ಗ್ರಾಮ ಪಂಚಾಯಿತಿಗೂ ತಲುಪಬೇಕು.

ಮೂರನೆಯದಾಗಿ, ಹಳೆಯ ಕಾಲೇಜು ಸಂಗ್ರಹಗಳ ಎಣಿಕೆ ಆಗುವವರೆಗೆ ಒಂದು ಬಾಟಲಿಯನ್ನೂ, ಒಂದು ಗಿಡದ ಹಾಳೆಯನ್ನೂ ಎಸೆಯಬಾರದು. ಈ ಎಣಿಕೆಯನ್ನು ವಿದ್ಯಾರ್ಥಿಗಳೇ ಮಾಡಬಲ್ಲರು. ವಿಜ್ಞಾನ ಓದುವ ಗೆಳೆಯರೇ, ನಿಮ್ಮ ವಿಭಾಗದ ಕಪಾಟಿನ ಚೀಟಿಗಳನ್ನು ಒಮ್ಮೆ ಓದಿ. ಊರೂ ತಾರೀಖೂ ಇರುವ ಚೀಟಿ ಸಿಕ್ಕಿದರೆ ಅದನ್ನು ಬರೆದುಕೊಳ್ಳಿ. ಬಾಟಲಿಯ ಮುಚ್ಚಳ ಮಾತ್ರ ಅಧ್ಯಾಪಕರಿಲ್ಲದೆ ತೆಗೆಯಬೇಡಿ.

ಹಳ್ಳಿಯ ಬಂಧುಗಳಲ್ಲಿ ಒಂದು ವಿನಂತಿ. ಮಂಗ ಸತ್ತದ್ದು ಕಂಡರೆ ಮುಟ್ಟಬೇಡಿ, ಮುಚ್ಚಿಡಲೂ ಬೇಡಿ. ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಅಂದೇ ತಿಳಿಸಿ. ಯಾವ ವರ್ಷ ಯಾವ ಕಾಡಿನಲ್ಲಿ ಮಂಗ ಸತ್ತಿತ್ತು, ಆ ವರ್ಷ ಮಳೆ ಹೇಗಿತ್ತು, ಯಾವ ಕಾಡು ಕಡಿದಿದ್ದರು ಎಂಬ ಹಿರಿಯರ ನೆನಪನ್ನು ಮಕ್ಕಳಿಂದ ಬರೆಸಿಡಿ. ಮುಂದೆ ಮಾದರಿ ಪರೀಕ್ಷಿಸುವವರಿಗೆ ಆ ಬರಹವೂ ಬೇಕಾಗುತ್ತದೆ.

ಕಾಡು ಉಳಿಸುವ ಹೋರಾಟದಲ್ಲಿ ‘ಪುರಾವೆ ಎಲ್ಲಿದೆ?’ ಎಂಬ ಪ್ರಶ್ನೆಯನ್ನು ಅಧಿಕಾರಿಗಳಿಂದ ನಾವು ಮತ್ತೆ ಮತ್ತೆ ಕೇಳಿದ್ದೇವೆ. ಕಾಡಿನ ನಾಶಕ್ಕೂ ಮನುಷ್ಯನ ಜ್ವರಕ್ಕೂ ಇರುವ ನಂಟಿನ ಪುರಾವೆ ಉಣುಗಿನ ಒಡಲಲ್ಲೂ ಇದೆ. ಅದನ್ನು ಕಾಯ್ದಿಡುವಂತೆ ನಮ್ಮ ವಿಶ್ವವಿದ್ಯಾಲಯಗಳನ್ನು ಒತ್ತಾಯಿಸುವುದು ಇನ್ನು ಮುಂದೆ ನಮ್ಮ ಬೇಡಿಕೆಪಟ್ಟಿಯಲ್ಲಿ ಸೇರಲಿ.