ಮದರಂಗಿಯ ಬಟ್ಟಲಲ್ಲಿ ಏನಿದೆ?

ರೋಸಿಗೆ ಒಂದೆರಡು ದಿನ ಮುಂಚೆ ಮದುಮಗಳ ಕೈಗೆ ಮದರಂಗಿ ಹಚ್ಚುವ ವಾಡಿಕೆ ಕರಾವಳಿಯ ನಮ್ಮ ಕಥೋಲಿಕ ಮನೆಗಳಲ್ಲೂ ಕಾಣಿಸಿಕೊಳ್ಳುತ್ತಿದೆ. ಇದು ನಮ್ಮದೇ, ಅನ್ಯರದೇ ಎಂಬ ಚರ್ಚೆಯಲ್ಲಿ ಯಾಜಕಕಾಂಡದ 19ನೇ ಅಧ್ಯಾಯವನ್ನು ಮುಂದೊಡ್ಡುವವರುಂಟು. ಅಲ್ಲಿನ ನಿಷೇಧ ಹಚ್ಚೆಗೆ ಸಂಬಂಧಿಸಿದ್ದು. ಗೋರಂಟಿಯಾದರೋ ಪರಮಗೀತೆಯಲ್ಲಿ ಪ್ರೀತಿಯ ಉಪಮೆಯಾಗಿಯೇ ಬಂದಿದೆ. ನನ್ನ ತಕರಾರು ಮದರಂಗಿಯ ಹೆಸರನ್ನು ಎರವಲು ಪಡೆದ ಕಪ್ಪು ಲೇಪದ ಬಗ್ಗೆ.

ನಿಜವಾದ ಮದರಂಗಿ ಕಪ್ಪಾಗಿರುವುದಿಲ್ಲ. ಗಂಟೆಗಟ್ಟಲೆ ಕಾದರೆ ಕಿತ್ತಳೆ ಬಣ್ಣ ಬಿಡುತ್ತದೆ, ಒಂದೆರಡು ದಿನಗಳಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅಲ್ಪಕಾಲದಲ್ಲೇ ಕಡುಕಪ್ಪಾಗುವ ಲೇಪದಲ್ಲಿ ಸಾಮಾನ್ಯವಾಗಿ ಪ್ಯಾರಾ ಫಿನೈಲಿನ್ ಡೈಅಮೈನ್ ಎಂಬ ರಾಸಾಯನಿಕ ಬೆರೆತಿರುತ್ತದೆ. ಇದು ಕೂದಲಿಗೆ ಹಚ್ಚುವ ಡೈಯ ದ್ರವ್ಯ. ಐರೋಪ್ಯ ಒಕ್ಕೂಟದಲ್ಲಿ ಕೂದಲಿಗೂ ಇದು ಶೇಕಡಾ 2ನ್ನು ಮೀರುವಂತಿಲ್ಲ. ಚರ್ಮಕ್ಕೆ ಹಚ್ಚಲು ಅನುಮತಿಯೇ ಇಲ್ಲ. ಆದರೆ ಪರೀಕ್ಷೆಗೊಳಗಾದ ಕೆಲವು ಕಪ್ಪು ಲೇಪಗಳಲ್ಲಿ ಶೇಕಡಾ 10ಕ್ಕಿಂತಲೂ ಹೆಚ್ಚು ಕಂಡುಬಂದಿದೆ.

ಬಣ್ಣವು ವಸ್ತುವಿನ ಆಗಂತುಕ ಗುಣ, ಅದು ಬಂದು ಹೋದರೂ ವಸ್ತು ತಾನಾಗಿಯೇ ಉಳಿಯುತ್ತದೆ ಎಂದು ಅರಿಸ್ಟಾಟಲನನ್ನು ಓದಿದವರು ಬಲ್ಲರು. "ನಾಲ್ಕು ದಿನದಲ್ಲಿ ಹೋಗುತ್ತದೆ ಬಿಡಿ" ಎಂದು ಮಗುವಿನ ತೋಳನ್ನು ಒಡ್ಡುವ ತಾಯಂದಿರದೂ ಇದೇ ತರ್ಕ. ಚರ್ಮ ಈ ತರ್ಕಕ್ಕೆ ಒಪ್ಪುವುದಿಲ್ಲ. ಮೊದಲ ಸಲ ಏನೂ ಆಗದಿರಬಹುದು, ಇಲ್ಲವೇ ಒಂದೆರಡು ವಾರಗಳ ಮೇಲೆ ಚಿತ್ರದ ಗೆರೆಗುಂಟ ತುರಿಕೆ, ಬೊಬ್ಬೆಗಳೇಳಬಹುದು. ಬಣ್ಣ ಮಾಸಿದರೂ ದೇಹ ಆ ದ್ರವ್ಯವನ್ನು ಗುರುತಿಟ್ಟುಕೊಳ್ಳುತ್ತದೆ, ಬಹುಪಾಲು ಜೀವನಪರ್ಯಂತ. ಎಂಟರ ಹರೆಯದಲ್ಲಿ ತೋಳಿಗೆ ಚೇಳಿನ ಚಿತ್ರ ಬರೆಸಿಕೊಂಡವನು ನಲವತ್ತರಲ್ಲಿ ತಲೆಗೆ ಡೈ ಹಚ್ಚಿದಾಗ ಕಣ್ಣು ಮುಚ್ಚಿಹೋಗುವಷ್ಟು ಮುಖ ಊದಿಕೊಂಡೀತು. ಕೆಲವು ಅರಿವಳಿಕೆ ಮುಲಾಮುಗಳೂ ಅಂಥವರಿಗೆ ಆಗಿಬರುವುದಿಲ್ಲ. ಅಂಗಡಿಯಲ್ಲಿ ಚುಕ್ಕೆಯಿಟ್ಟು ಅರ್ಧ ಗಂಟೆ ಕಾಯುವ ಪರೀಕ್ಷೆಯಿಂದ ಇದೊಂದೂ ತಿಳಿಯದು.

ಈ ಕೆಲಸದಿಂದ ಹೊಟ್ಟೆ ಹೊರೆಯುವ ಬಡವನನ್ನು ದೂರುವುದು ಸುಲಭ. ಅವನ ಬೆರಳುಗಳೂ ಅದೇ ಬಟ್ಟಲಲ್ಲಿವೆ. ಚರ್ಚಿನ ವಾರ್ಷಿಕ ಹಬ್ಬದ ಸಂತೆಗೆ ಜಾಗ ಹಂಚುವವರು ನಾವು. ಕಪ್ಪು ಲೇಪದ ಹಚ್ಚೆಗೆ ಜಾಗವಿಲ್ಲ, ಹಸಿರು ಸೊಪ್ಪು ಅರೆದು ಹಚ್ಚುವವರಿಗೆ ಸ್ವಾಗತ ಎಂದು ಪಾಲನಾ ಮಂಡಳಿಗಳು ಹಬ್ಬದ ಮೊದಲೇ ತಿಳಿಸಲಿ. ಈಗಾಗಲೇ ಬೊಬ್ಬೆಯೆದ್ದಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಚರ್ಮವೈದ್ಯರನ್ನು ಕಾಣಬೇಕು. ಮುಂದೆಂದಾದರೂ ಡೈ ಕೊಳ್ಳುವ ಮುನ್ನ ಆ ಸಂಗತಿ ನೆನಪಿರುವಂತೆ ಮಗುವಿನ ಲಸಿಕೆ ಚೀಟಿಯ ಜೊತೆಗೇ ಬರೆದಿಡಬೇಕು.